ಪಾರ್ಕು ಕಾದವನ ನೆನಪು

ಪಾರ್ಕಿನಲ್ಲಿ ಜನ ಏನು ಮಾಡುತ್ತಾರೆ ಅನ್ನೋದು ಅದರ ನಕ್ಷೆ ಬರೆದವರಿಗೆ ಗೊತ್ತಿರೋದಿಲ್ಲ, ಮಾಲಿಗೆ ಗೊತ್ತಿರುತ್ತದೆ. ಬೆಟಗೇರಿಯ ಅಂಚಿನ ಹೊಸ ಬಡಾವಣೆಯ ಪಾರ್ಕಿಗೆ ನಾನೇ ಮೊದಲ ಮಾಲಿ. ಈಗ ನಿವೃತ್ತನಾಗಿ ಅಲ್ಲಿನ ಬೇವಿನ ನೆರಳಲ್ಲಿ ಕುಳಿತರೆ ಆ ಮೊದಲ ವರ್ಷದ್ದೇ ನೆನಪು. ನಗು ಬರುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ.

ಒಂದು ಸುತ್ತು

ಪಾರ್ಕು ತೆರೆದು ತಿಂಗಳಾದರೂ ಎರಡು ನಾಯಿ ಬಿಟ್ಟರೆ ಯಾರೂ ಬರಲಿಲ್ಲ. ಜನ ಬಳಸದಿದ್ದರೆ ಅಲ್ಲಿ ಅಂಗಡಿ ಮಳಿಗೆ ಕಟ್ಟುತ್ತಾರಂತೆ, ಅಧಿಕಾರಿ ಬಂದು ನೋಡಿ ತೀರ್ಮಾನ ಮಾಡುತ್ತಾರಂತೆ ಅಂತ ಕಚೇರಿಯಿಂದ ಸುದ್ದಿ ಬಂತು. ಬೇವಿನ ಸಸಿಗಳನ್ನೆಲ್ಲ ನನ್ನ ಕೈಯಾರೆ ನೆಟ್ಟಿದ್ದೆ.

ಮನೆಮನೆಗೆ ಹೋಗಿ ಕರೆದೆ. ಮಗಳ ಮನೆಗೆಂದು ಯಳವತ್ತಿ ಹಳ್ಳಿಯಿಂದ ಬಂದಿದ್ದ ರೈತರೊಬ್ಬರು ಮರ್ಯಾದೆಗೆ ಎದ್ದು ಬಂದರು. ವಾಕಿಂಗ್ ದಾರಿ ಹಿಡಿದು ಬಿರಬಿರನೆ ಒಂದು ಸುತ್ತು ಹಾಕಿ, ಗೇಟಿನ ಹತ್ತಿರ ಬಂದು ನಿಂತರು.

"ಎಲ್ಲಿಗೆ ಹೋಗಬೇಕಾಗಿತ್ತೋ ತಮ್ಮಾ? ಹೊಂಟಲ್ಲಿಗೇ ಬಂದು ನಿಂತೆ."

"ಹಂಗ ಇನ್ನೊಂದು ಸುತ್ತು ಹಾಕ್ರಿ, ಕಾಕಾ."

"ಯಾಕ? ಅಲ್ಲೇನರ ಬಿಟ್ಟು ಬಂದೀನೇನು?"

ಜಾರುಬಂಡಿ

ಬೇಸಿಗೆ ಬಂತು. ಜಾರುಬಂಡಿಯ ತಗಡು ಚೆನ್ನಾಗಿ ಕಾಯುತ್ತದೆ ಅನ್ನೋದನ್ನು ಮೊದಲು ಕಂಡುಹಿಡಿದವರು ಎದುರು ಮನೆಯ ಅಕ್ಕ. ಒಂದು ದಿನ ನೋಡಿದರೆ ಅದರ ತುಂಬ ಹಳೆಯ ಸೀರೆ ಹಾಸಿ ಸಂಡಿಗೆ ಇಟ್ಟಿದ್ದಾರೆ.

"ಅಕ್ಕಾರ, ಇದು ಹುಡುಗ್ರು ಜಾರೂದ್ರಿ."

"ಹುಡುಗ್ರು ಉಂಡು ಮಲಗ್ಯಾವ. ಅವು ಏಳೂತನಾ ಇದು ಸುಮ್ನ ಕುಂತು ಏನ್ ಮಾಡತೈತಿ? ಜರಾ ಕಾಗಿ ಹೊಡಿ."

ಮಧ್ಯಾಹ್ನವಿಡೀ ಕಾಗೆ ಓಡಿಸಿದೆ. ಸಂಜೆ ಅಕ್ಕ ಬರುವುದರೊಳಗೆ ಒಬ್ಬ ಪುಟ್ಟ ಹುಡುಗಿ ಮೇಲಿನಿಂದ ಜಾರಿಯೇ ಬಿಟ್ಟಳು. ಸೀರೆ, ಸಂಡಿಗೆ ಎಲ್ಲ ಅವಳ ಜೊತೆಗೇ ಕೆಳಗೆ ಬಂದವು. ಅಕ್ಕ ಬೈಯಲಿಲ್ಲ. ಹುಡುಗಿಯನ್ನು ನಿಲ್ಲಿಸಿ, ಲಂಗಕ್ಕೆ ಅಂಟಿದ್ದನ್ನು ಒಂದೊಂದಾಗಿ ಬಿಡಿಸಿ ಬುಟ್ಟಿಗೆ ಹಾಕಿಕೊಂಡರು.

"ಹಿಂದಕ್ಕ ತಿರುಗವ್ವ, ಇನ್ನೂ ನಾಕು ಬರಬೇಕು."

ಹಾಸು

ಬೆಟಗೇರಿ ನೇಕಾರರ ಊರು. ಸೀರೆಯ ಉದ್ದಕ್ಕೆ ಬರುವ ನೂಲಿಗೆ ಹಾಸು ಅಂತಾರೆ. ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಒಣಗುವವರೆಗೂ ಆಚೀಚೆ ನಡೆಯುತ್ತ ಕುಂಚದಿಂದ ತಿಕ್ಕಬೇಕು. ಬೀದಿಯಲ್ಲಿ ಬೈಕು, ಆಟೋ ಹೆಚ್ಚಾಗಿ ಜಾಗವೇ ಇರಲಿಲ್ಲ. ನಮ್ಮ ವಾಕಿಂಗ್ ದಾರಿ ಉದ್ದಕ್ಕಿತ್ತು, ಧೂಳಿರಲಿಲ್ಲ. ಪಕ್ಕದ ಓಣಿಯ ನೇಕಾರ ಅಜ್ಜನೊಬ್ಬ ತನ್ನವರನ್ನು ಕಟ್ಟಿಕೊಂಡು ನಸುಕಿನಲ್ಲೇ ಬಂದು ಹಾಸು ಬಿಗಿದುಬಿಡುತ್ತಿದ್ದ. ನಾನು ಬೈಯುತ್ತಿದ್ದೆ, ಅವನು ಗೂಟ ಬಡಿಯುತ್ತಿದ್ದ. ಈಗ ಗಂಜಿ ಹಚ್ಚಿದ ನೂಲೇ ಬರುತ್ತದೆ, ಅಜ್ಜನೂ ಇಲ್ಲ. ಬೆಳಿಗ್ಗೆ ಆ ಗಂಜಿಯ ವಾಸನೆ ಇಲ್ಲದೆ ಪಾರ್ಕು ಬಿಕೋ ಅನ್ನುತ್ತದೆ.

ಕಚೇರಿಯ ಅಧಿಕಾರಿ ಒಬ್ಬ ಹೆಣ್ಣುಮಗಳು. ಆ ಬಾಯಿಯವರು ಬಂದದ್ದು ಸರಿಯಾಗಿ ಹೀಗೆ ಹಾಸು ಬಿಗಿದಿದ್ದ ಒಂದು ಬೆಳಿಗ್ಗೆ. ಜೀಪು ದೂರದಲ್ಲಿ ಕಂಡಾಗಲೇ ಅಜ್ಜನ ಹತ್ತಿರ ಓಡಿದೆ.

"ಅಜ್ಜಾ, ಜಲ್ದಿ ತಗಿ. ಪಾರ್ಕು ಹೋಗತೈತಿ."

"ಗಂಜಿ ಹಸಿ ಐತಿ. ಈಗ ತಗದ್ರ ನನ್ನ ಹಾಸು ಹೋಗತೈತಿ."

ಅಷ್ಟರಲ್ಲಿ ಅವರು ಬಂದೇಬಿಟ್ಟರು. "ಏನ್ರಿ ಇದು?" ಅಂತ ಕೇಳಿದರು. ಅಜ್ಜ ತಲೆ ಎತ್ತದೆ, "ಬಾಯಾರ, ಛಲೋ ಹೊತ್ತಿಗೆ ಬಂದ್ರಿ. ಎಳಿ ಹರದೈತಿ, ಈ ಕಡೆ ಜರಾ ಹಿಡೀರಿ" ಅಂದ.

ಅವರು ತಮ್ಮ ಚೀಲವನ್ನು ನನ್ನ ಕೈಗೆ ಕೊಟ್ಟು ಎಳೆಯ ತುದಿ ಹಿಡಿದರು. ಅಜ್ಜ ಎಳೆ ಗಂಟು ಹಾಕಿದ. ಆಮೇಲೆ ಅವನ ಜೊತೆ ಆ ತುದಿಯಿಂದ ಈ ತುದಿಗೆ ನಾಲ್ಕು ಸಲ ನಡೆದರು. ಸೀರೆ ಯಾವ ಬಣ್ಣ, ಸೆರಗು ಹೇಗೆ ಅಂತ ಎಲ್ಲ ಕೇಳಿದರು. ಕೊನೆಗೆ ಬೇವಿನ ಸಸಿಯ ಹತ್ತಿರ ನಿಂತು ಏನೋ ಬರೆದುಕೊಂಡು, "ಇಷ್ಟು ಮಂದಿ ಬರೂ ಜಾಗಾದಾಗ ಅಂಗಡಿ ಯಾಕ್ರಿ? ಪಾರ್ಕೇ ಇರಲಿ" ಅಂದರು. ನನ್ನ ಕಣ್ಣಲ್ಲಿ ನೀರು ಬಂತು.

ಹೊರಡುವ ಮುಂಚೆ ಅಜ್ಜನನ್ನು ಕೇಳಿದರು, "ಪಾರ್ಕಿಗೆ ಇನ್ನೇನರ ಬೇಕೇನ್ರಿ ಅಜ್ಜಾರ? ಲೈಟು, ಬೆಂಚು?"

"ಏನೂ ಬ್ಯಾಡ್ರಿ. ಈ ಮಾಲಿ ಮನಿಮನಿಗೆ ಹೋಗಿ ವಾಕಿಂಗಿಗೆ ಮಂದೀನ್ನ ಕರಕೊಂಡು ಬರತಾನಲ್ಲ, ಅದೊಂದು ಬಿಡಸ್ರಿ. ಕೆಲಸಕ್ಕ ಅಡ್ಡ ಬರತಾರ."