ಅತಿ ದೊಡ್ಡ ವಿಮಾನ ನಿಲ್ದಾಣ ಮತ್ತು ನನ್ನ ಮದುವೆ

ಮದುವೆಯ ಮಾತುಕತೆ ಮುರಿಯಲು ನಮ್ಮ ಕಡೆ ಮರ್ಯಾದಸ್ಥ ಕಾರಣಗಳು ಬೇಕಾದಷ್ಟಿವೆ. ಜಾತಕ ಕೂಡಿಬರಲಿಲ್ಲ ಎನ್ನಬಹುದು, ಹುಡುಗಿ ತುಸು ಎತ್ತರವಾದಳು ಎನ್ನಬಹುದು, ಏನೂ ಸಿಗದಿದ್ದರೆ ಹೊರಡುವಾಗ ಬೆಕ್ಕು ಅಡ್ಡ ಬಂತು ಎಂದು ಬೆಕ್ಕಿನ ಮೇಲೆ ಹಾಕಬಹುದು. ಇವಿಷ್ಟೂ ಇರುವಾಗ, ನಮ್ಮಲ್ಲಿ ಯಾರೂ ಕಣ್ಣಿಂದ ಕಾಣದ ಎರಡು ವಿಮಾನ ನಿಲ್ದಾಣಗಳ ದೆಸೆಯಿಂದ ನನ್ನ ಮಾತುಕತೆ ನಿಂತುಹೋಗಿದೆ. ನಾನು ಮನೆಯ ವಿಷಯವನ್ನು ಹೊರಗೆ ಆಡುವವಳಲ್ಲ. ಆದರೆ ಚನ್ನಗಿರಿಯ ಬಸ್ ಸ್ಟ್ಯಾಂಡಿಗೆಲ್ಲ ತಪ್ಪುತಪ್ಪಾಗಿ ಗೊತ್ತಾಗಿರುವುದು ನಿಮಗಾದರೂ ಸರಿಯಾಗಿ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ.

ನಾನು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತೇನೆ. ಹುಡುಗ ಜಗಳೂರು ಕಡೆಯವರು, ಪಶುವೈದ್ಯರು. ಕಳೆದ ಭಾನುವಾರ ದೊಡ್ಡಪ್ಪನ ಜೊತೆ ಬಂದಿದ್ದರು. ಪದ್ಧತಿಯಂತೆ ನಮ್ಮಿಬ್ಬರನ್ನು ಸ್ವಲ್ಪ ಹೊತ್ತು ಮಾತಾಡಲು ಹಿತ್ತಲಿಗೆ ಕಳಿಸಿದರು, ಪದ್ಧತಿಯಂತೆ ಕಿಟಕಿಯಲ್ಲಿ ನನ್ನ ಸೋದರತ್ತೆ ನಿಂತಿದ್ದರು. ನನ್ನನ್ನು ನೋಡಲು ಬಂದ ಗಂಡಸರಲ್ಲಿ, ನನ್ನ ಮಾತು ಮುಗಿಯುವ ತನಕ ಕಾದವರು ಇವರೊಬ್ಬರೇ. ಅವರು ನನಗೆ ಹಿಡಿಸಿದರು. ಇದನ್ನು ಅಮ್ಮನಿಗೂ ಹೇಳಿಲ್ಲ, ನಿಮಗೆ ಹೇಳುತ್ತಿದ್ದೇನೆ.

ನಾವು ಒಳಗೆ ಬರುವ ಹೊತ್ತಿಗೆ ಉಪ್ಪಿಟ್ಟು ಮುಗಿದಿತ್ತು, ಟೀ ಬಂದಿತ್ತು. ಹಿರಿಯರಿಗೆ ಬೇರೇನೂ ತೋಚದೆ ಶಿವಮೊಗ್ಗದ ವಿಮಾನ ನಿಲ್ದಾಣದ ಮಾತು ಹಿಡಿದಿದ್ದರು. ಅದನ್ನು ಶಿವಮೊಗ್ಗದಲ್ಲೇ ಬಿಟ್ಟಿದ್ದರೆ ನಾನಿಷ್ಟರಲ್ಲಿ ಸೀರೆ ಆರಿಸುತ್ತಿದ್ದೆನೇನೋ.

“ಅದೇನು ಬಿಡ್ರಿ,” ಎಂದರು ಹುಡುಗನ ದೊಡ್ಡಪ್ಪ. “ನಮ್ಮೂರ ಹುಡುಗ ಒಬ್ಬ ಸೌದಿನಾಗೆ ಡ್ರೈವರ್ ಇದಾನೆ, ದಮ್ಮಾಮ್‌ನಾಗೆ. ಅಲ್ಲೀ ಏರ್‌ಪೋರ್ಟು ಪ್ರಪಂಚದಾಗೇ ದೊಡ್ಡದಂತೆ. ಹೆಚ್ಚುಕಮ್ಮಿ ಬಹರೇನ್ ದೇಶದಷ್ಟು ಜಾಗ ಐತಂತೆ.”

ನನ್ನ ಸೋದರಮಾವ ಮೊಬೈಲಿನಿಂದ ತಲೆಯೆತ್ತಿದರು. “ಇಲ್ರೀ ಯಜಮಾನ್ರೇ, ಅಮೆರಿಕದ ಅಟ್ಲಾಂಟಾ ಅಂತ ಐತೆ ಇಲ್ಲಿ. ಜನ ಓಡಾಡೋದ್ರಾಗೆ ಅದೇ ದೊಡ್ಡದು.”

“ಜನ ಓಡಾಡಿದ್ರೆ ದೊಡ್ಡದಾಗ್ತೈತೇನ್ರಿ? ಸಂತೆನಾಗೂ ಓಡಾಡ್ತಾರೆ.”

“ಜಾಗ ಬಿದ್ದಿದ್ರೆ ದೊಡ್ಡದಾಗ್ತೈತಾ? ಬರೀ ಮರಳು. ಏನ್ ಬೆಳೀತಾರೆ ಅದ್ರಾಗೆ?”

ಅಟ್ಲಾಂಟಾದಲ್ಲಿ ಏನು ಬೆಳೆಯುತ್ತಾರೆ ಎಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ, ಯಾಕೆಂದರೆ ಜಗಳ ಅಷ್ಟರಲ್ಲಿ ಊರಿಗೆ ವಾಪಸ್ ಬಂದಿತ್ತು. ನಮ್ಮ ಚನ್ನಗಿರಿಯವರು ಆಸ್ತಿಯನ್ನು ಅಡಿಕೆ ಮರದ ಲೆಕ್ಕದಲ್ಲಿ ಹೇಳುತ್ತಾರೆ. ಎಕರೆಯ ಮಾತೆತ್ತಿದರೆ, ಬೋರಿನಲ್ಲಿ ನೀರೆಷ್ಟು ಎಂದು ತಿರುಗಿ ಕೇಳುತ್ತಾರೆ. ಜಗಳೂರಿನವರದು ಮಳೆಯನ್ನು ನಂಬಿದ ಬೆದ್ದಲು, ಮೆಕ್ಕೆಜೋಳದ ಹೊಲ. ಅವರಿಗೆ ಎಕರೆಯೇ ಲೆಕ್ಕ, ಎಕರೆಯೇ ಮರ್ಯಾದೆ. ಹುಡುಗನ ಮನೆಯಲ್ಲಿ ನಲವತ್ತು ಎಕರೆ ಎಂದು ದೊಡ್ಡಪ್ಪ ಬಂದ ತಕ್ಷಣ ಹೇಳಿದ್ದರು. ಮಾವ ಆಗಲೇ “ಹೂಂ” ಎಂದಿದ್ದರು. ಆ “ಹೂಂ” ಸಣ್ಣದಾಗಿತ್ತು.

ಅಷ್ಟರಲ್ಲಿ ಅಪ್ಪನಿಗೆ ಎಲ್ಲಿಲ್ಲದ ಬುದ್ಧಿ ಹೊಳೆಯಿತು. “ಭೂಗೋಳ ಓದಿದೋಳು ಮನೆನಾಗೇ ಇದಾಳೆ. ನೀನೇ ಹೇಳವ್ವಾ.”

ತರಗತಿಯಲ್ಲಿ ಹೇಳುವಂತೆಯೇ ಹೇಳಿದೆ. “ವಿಸ್ತೀರ್ಣದಲ್ಲಿ ದಮ್ಮಾಮ್, ಪ್ರಯಾಣಿಕರ ಸಂಖ್ಯೆಯಲ್ಲಿ ಅಟ್ಲಾಂಟಾ. ಆದರೆ ದಮ್ಮಾಮ್‌ನಲ್ಲಿ ಬಳಕೆಗೆ ಬಂದಿರುವ ಜಾಗ ಸ್ವಲ್ಪವೇ. ಉಳಿದದ್ದು ಖಾಲಿ.”

ದೊಡ್ಡಪ್ಪ ಲೋಟ ಕೆಳಗಿಟ್ಟರು. “ಖಾಲಿ,” ಎಂದರು ಮೆಲ್ಲಗೆ. “ನಡಿಯಪ್ಪಾ, ಬಸ್ಸು ತಪ್ತೈತೆ.”

ಅವರು ಬಂದದ್ದು ಸ್ವಂತ ಕಾರಿನಲ್ಲಿ.

ನನ್ನ ಸಿಟ್ಟು ದೊಡ್ಡಪ್ಪನ ಮೇಲಲ್ಲ, ನಮ್ಮ ಮನೆಯವರ ಮೇಲೆ. ಅಮ್ಮ, “ದೊಡ್ಡೋರು ಕೇಳಿದ್ರೆ ನಿಮಗೇ ಗೊತ್ತಲ್ರೀ ಅಂದು ಒಳಗೆ ಬರಾಕೆ ಏನಾಗಿತ್ತೇ ನಿನಗೆ?” ಎಂದು ಎರಡು ದಿನದಿಂದ ಪಾತ್ರೆಗಳನ್ನು ಬಡಿಯುತ್ತಿದ್ದಾರೆ. ಮಾವನಿಗಂತೂ ನಾನು ತಮ್ಮ ಪಕ್ಷ ಎಂದು ಹೆಮ್ಮೆ. “ಸರಿಯಾಗಿ ಕೊಟ್ಟೆ ಬಿಡು” ಎಂದು ಬೆನ್ನು ತಟ್ಟಿದರು. ನಾನು ಯಾರಿಗೂ ಏನೂ ಕೊಟ್ಟಿರಲಿಲ್ಲ. ನ್ಯಾಮತಿಯ ಚಿಕ್ಕಮ್ಮ ಫೋನ್ ಮಾಡಿ, ಹೊನ್ನಾಳಿಯಲ್ಲಿ ಇನ್ನೊಂದು ಸಂಬಂಧ ಇದೆ, ತೋಟದವರು, ಈ ಸಲ ಹುಡುಗಿಯನ್ನು ಮಾತಾಡಿಸಬೇಡಿ ಎಂದರಂತೆ. ಅಟ್ಲಾಂಟಾ ಕುರಿತು ನನ್ನ ಅಭಿಪ್ರಾಯ ಇವರಿಗೆ ಬೇಕು, ದಮ್ಮಾಮ್ ಕುರಿತೂ ಬೇಕು. ನಾನು ಬಾಳಬೇಕಾದ ಮನುಷ್ಯನ ಕುರಿತು, “ನಿನಗೆ ಒಪ್ಪಿಗೆಯಾ?” ಎಂದು ಒಬ್ಬರಾದರೂ ಕೇಳಿದ್ದಾರೆಯೇ? ಎಂ.ಎ. ಮಾಡಿಸಿದ್ದು ಬರೀ ಏರ್‌ಪೋರ್ಟಿನ ಪಂಚಾಯಿತಿ ತೀರ್ಮಾನಕ್ಕೋ?

ಇಷ್ಟು ಬರೆಯುತ್ತಿರುವಾಗ ಫೋನಿಗೆ ಒಂದು ಸಂದೇಶ ಬಂತು. ಜಗಳೂರಿನಿಂದ. “ದೊಡ್ಡಪ್ಪನನ್ನು ನಾನು ಸಮಾಧಾನ ಮಾಡುತ್ತೇನೆ. ಅದಕ್ಕೆ ಮೊದಲು, ನಿಮಗೆ ನಾನು ಒಪ್ಪಿಗೆಯಾ? ಇಷ್ಟು ಹೇಳಿದರೆ ಸಾಕು.”

ನನ್ನನ್ನೇ ಕೇಳಿದ ಪ್ರಶ್ನೆ. ಉತ್ತರವೂ ನನ್ನಲ್ಲಿ ಸಿದ್ಧವಾಗಿತ್ತು, ಒಂದೇ ಪದದ ಉತ್ತರ. ನೆಟ್ಟಗೆ ಕೂತು, ಕಾಗುಣಿತ ಸರಿಯಿದೆಯೇ ಎಂದು ಮತ್ತೊಮ್ಮೆ ನೋಡಿ, ಕಳಿಸಿದೆ:

“ಮನೆಯಲ್ಲಿ ಕೇಳಿ ಹೇಳುತ್ತೇನೆ.”