‘ಬೇರೆ ಮಾತ್ರೆ ಏನೂ ಇಲ್ಲ’

ಔಷಧದ ಅಂಗಡಿ ಇಟ್ಟವನಿಗೆ ನಗುವ ಪ್ರಸಂಗಗಳಿಗೆ ಬರವಿಲ್ಲ. ನನಗೆ ಮಾತ್ರ ಅವು ನಡೆಯುವಾಗ ಬಂದದ್ದೆಲ್ಲ ಸಿಟ್ಟು. ನಗು ಬಂದದ್ದು ವರ್ಷಗಳು ಕಳೆದ ಮೇಲೆ, ಅದೂ ಅರ್ಧಂಬರ್ಧ.

ಎಂಬತ್ತರ ದಶಕದಲ್ಲಿ ಕೊಯಮತ್ತೂರಿನ ಪಕ್ಕ ತುಡಿಯಲೂರಿನಲ್ಲಿ ನನ್ನ ಅಂಗಡಿಯಿತ್ತು. ಮನಸ್ಸು ಕುಗ್ಗಿದವರಿಗೆ ಕೊಡುವ ಮಾತ್ರೆ ಮಂಪರು ತರಿಸುತ್ತದೆ. ಅಫೀಮಿನ ಬಳಗಕ್ಕೆ ಸೇರಿದ ನೋವಿನ ಕ್ಯಾಪ್ಸೂಲೂ ತರಿಸುತ್ತದೆ. ಎರಡೂ ಒಂದೇ ಹೊಟ್ಟೆಗೆ ಬಿದ್ದರೆ ತೂರಾಟ, ತೊದಲು, ಮೂತ್ರ ಕಟ್ಟುವುದು. ಮೀರಿದರೆ ಉಸಿರೇ ನಿಧಾನವಾಗುವುದು. ಆದ್ದರಿಂದ ಆ ಕ್ಯಾಪ್ಸೂಲ್ ಕೇಳಿದವರಿಗೆಲ್ಲ, "ಬೇರೆ ಮಾತ್ರೆ ಏನಾದರೂ ತಗೋತೀರಾ?" ಎಂದು ಕೇಳುತ್ತಿದ್ದೆ. ಇಡೀ ಊರಿನದು ಒಂದೇ ಉತ್ತರ: "ಬೇರೆ ಏನೂ ಇಲ್ಲ."

ಸುಳ್ಳರು! ಸಕ್ಕರೆ ಕಾಯಿಲೆಯ ಮಾತ್ರೆಯನ್ನು ನೆಂಟರ ಮುಂದೆ ಹೆಮ್ಮೆಯಿಂದ ನುಂಗುತ್ತಿದ್ದರು. ಮನಸ್ಸಿನ ಮಾತ್ರೆಯೆಂದರೆ ಮಾತ್ರ ಕದ್ದ ಮಾಲಿನ ಹಾಗೆ ಬಚ್ಚಿಡುತ್ತಿದ್ದರು.

ಅರ್ಧ ಮೀಸೆ

ನಿವೃತ್ತ ಮೇಷ್ಟ್ರೊಬ್ಬರು ಬೆಳಿಗ್ಗೆ ಮೂಳೆ ಡಾಕ್ಟರ ಚೀಟಿ ತಂದು ಬೆನ್ನುನೋವಿನ ಕ್ಯಾಪ್ಸೂಲ್ ಕೊಂಡರು. ಬೇರೆ ಏನೂ ಇಲ್ಲ ಎಂದರು. ಸಂಜೆ ಅವರೇ ತಲೆಗೆ ಮಫ್ಲರ್ ಸುತ್ತಿ, ಏಪ್ರಿಲ್ ಬಿಸಿಲಿನಲ್ಲಿ, ಮನಸ್ಸಿನ ಡಾಕ್ಟರ ಚೀಟಿ ಹಿಡಿದು ಬಂದರು.

"ಇದು ನನ್ನ ತಮ್ಮನಿಗೆ" ಎಂದರು.

"ನಿಮಗೆ ತಮ್ಮನೇ ಇಲ್ಲವಲ್ಲ ಸಾರ್. ನಾನು ನಿಮ್ಮ ಕೈಲೇ ಓದಿದವನು."

"ದೂರದ ತಮ್ಮ" ಎಂದು ಚೀಟಿಯನ್ನು ಕಿತ್ತುಕೊಂಡು ಇನ್ನೊಂದು ಅಂಗಡಿಗೆ ನಡೆದರು.

ವಾರದೊಳಗೆ ಕ್ಷೌರದ ಕುರ್ಚಿಯಲ್ಲಿ ಕೂತಾಗ ಮೇಷ್ಟ್ರ ತಲೆ ದಡಕ್ಕನೆ ಎದೆಗೆ ಬಿತ್ತು. ಕತ್ತಿ ಮೀಸೆಯ ಮೇಲೆ ಹಾದುಹೋಯಿತು. ಪುಣ್ಯಕ್ಕೆ ಕತ್ತಿನ ಮೇಲಲ್ಲ. ನೇರ ನನ್ನ ಅಂಗಡಿಗೆ ಬಂದು, "ನಿನ್ನ ಕ್ಯಾಪ್ಸೂಲಿಂದ ಅರ್ಧ ಮೀಸೆ ಹೋಯ್ತಲ್ಲೋ!" ಎಂದು ಕೂಗಾಡಿದರು.

"ನನ್ನದರಿಂದ ಕಾಲು ಭಾಗ ಸಾರ್. ಉಳಿದ ಕಾಲು ನಿಮ್ಮ ತಮ್ಮನದು" ಎಂದೆ.

ಒಂದು ಮೋರಿ, ಇಬ್ಬರು ಡಾಕ್ಟರು

ಮೇಷ್ಟ್ರ ಕತ್ತು ಉಳಿದದ್ದು ಅದೃಷ್ಟ ಎನಿಸಿ, ನಾನೇ ಮೂಳೆ ಡಾಕ್ಟರ ಬಳಿ ಹೋದೆ. "ಕ್ಯಾಪ್ಸೂಲ್ ಬರೆಯೋ ಮುಂಚೆ ಮನಸ್ಸಿನ ಮಾತ್ರೆ ಇದೆಯಾ ಅಂತ ಒಂದು ಮಾತು ಕೇಳಿ ಸಾರ್" ಎಂದೆ.

"ಡಾಕ್ಟರು ನೀನಾ ನಾನಾ?" ಎಂದರು. "ಪಕ್ಕದ ಮನೆಯವನಿಗೆ ಹೇಳು, ಅವನು ಕೇಳಲಿ."

ಪಕ್ಕದ ಮನೆಯವರೇ ಮನಸ್ಸಿನ ಡಾಕ್ಟರು. ಅವರೂ ಅದನ್ನೇ ಅಂದರು. ಎರಡು ಮನೆಗಳ ನಡುವೆ ಒಂದು ಮೋರಿ. ಅದು ಯಾರ ಜಾಗದಲ್ಲಿ ಹರಿಯಬೇಕು ಎಂದು ಜಗಳವಾಗಿ, ಇಬ್ಬರೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು. ಊರಿನ ಮನಸ್ಸಿಗೆಲ್ಲ ಸಮಾಧಾನ ಹೇಳುವವರಿಗೆ ಒಂದು ಮೋರಿಯ ಜೊತೆ ರಾಜಿಯಾಗಲು ಬರಲಿಲ್ಲ! ಇಬ್ಬರನ್ನೂ ಆ ಮೋರಿಯಲ್ಲೇ ಅದ್ದಬೇಕು ಎನ್ನುವಷ್ಟು ಸಿಟ್ಟು ಬಂತು ನನಗೆ.

ಅವರು ಮಾತಾಡದಿದ್ದರೇನು, ಅವರು ಬರೆದ ಮಾತ್ರೆಗಳು ರೋಗಿಯ ಹೊಟ್ಟೆಯಲ್ಲಿ ಸೇರಿ ಬೇಕಾದಷ್ಟು ಮಾತಾಡಿಕೊಳ್ಳುತ್ತಿದ್ದವು.

ಪಡಸಾಲೆಯ ಅಮ್ಮ

ತಿರುಪ್ಪೂರಿನಲ್ಲಿ ನನ್ನ ಅಕ್ಕನ ಮನೆ. ಭಾವನದು ಬನಿಯನ್ ಕಂಪನಿ. ನಮ್ಮ ಅಮ್ಮ ತೀರಿಕೊಂಡ ಮೇಲೆ ಅಕ್ಕ ಮಾತು ಬಿಟ್ಟು ಗೋಡೆ ನೋಡುತ್ತ ಕೂತುಬಿಟ್ಟಿದ್ದಳು. ಅದೇ ಮನಸ್ಸಿನ ಡಾಕ್ಟರ ಮಾತ್ರೆಯಿಂದ ಚೇತರಿಸಿಕೊಂಡಳು. ತಿರುಪ್ಪೂರಿನಲ್ಲಿ ಕೊಂಡರೆ ಸುದ್ದಿಯಾಗುತ್ತದೆಂದು ಭಾವ ನನ್ನ ಅಂಗಡಿಗೇ ಬಂದು ಒಯ್ಯುತ್ತಿದ್ದರು. ಒಮ್ಮೆ ಬಂದವರು ಮಾತಿನ ನಡುವೆ ಅಂದರು: "ನಿಮ್ಮಕ್ಕ ಜಾರಿ ಬಿದ್ದು ಕೈ ಮುರ್ಕೊಂಡವಳೆ. ಮೂಳೆ ಡಾಕ್ಟರು ಕ್ಯಾಪ್ಸೂಲ್ ಕೊಟ್ಟವರೆ."

ಕಟ್ಟುತ್ತಿದ್ದ ಪೊಟ್ಟಣ ಕೆಳಗಿಟ್ಟು ಕೇಳಿದೆ: "ಮನಸ್ಸಿನ ಮಾತ್ರೆ ವಿಷಯ ಅವರಿಗೆ ಹೇಳಿದ್ರಾ?"

"ಮೆಲ್ಲ ಮಾತಾಡಪ್ಪಾ! ಮೂರು ದಿನ ಬಿಟ್ಟು ಮಗಳನ್ನ ನೋಡಕ್ಕೆ ಮಾಪಿಳ್ಳೆ ಮನೆಯೋರು ಬರ್ತಾರೆ. ತಾಯಿಗೆ ಪೈತ್ಯ, ತಲೆ ಕೆಟ್ಟೈತೆ ಅಂತ ಗೊತ್ತಾದ್ರೆ ಯಾರು ಹೆಣ್ಣು ತಗೋತಾರೆ? ಅದು ಮುಗೀಲಿ."

ಎಷ್ಟು ಬೈದರೂ ಭಾವ ಜಗ್ಗಲಿಲ್ಲ. ಕಂಪನಿಯ ಫೋನಿನಲ್ಲಿ ಹೇಳೋಣವೆಂದರೆ ಸುತ್ತ ಹತ್ತು ಕಿವಿ. ಕೊನೆಗೆ ಅಕ್ಕನಿಗೊಂದು ಚೀಟಿ ಬರೆದು ಭಾವನ ಕೈಯಲ್ಲೇ ಕಳಿಸಿದೆ. ಆ ಮನೆಯಲ್ಲಿ ಎಲ್ಲರೂ ಕನ್ನಡ ಮಾತಾಡುವವರೇ, ಆದರೆ ಓದುವುದು ತಮಿಳು. ನಾನು ಚಿಕ್ಕಂದಿನಲ್ಲಿ ಕೊಳ್ಳೇಗಾಲದ ಸೋದರಮಾವನ ಮನೆಯಲ್ಲಿದ್ದು ಕನ್ನಡ ಕಲಿತಿದ್ದೆ. ಗುಟ್ಟು ಗುಟ್ಟಾಗಿಯೇ ಇರಲಿ ಎಂದು ಕನ್ನಡದಲ್ಲೇ ಬರೆದೆ: "ಅಕ್ಕಾ, ಆ ಕ್ಯಾಪ್ಸೂಲ್ ನುಂಗಬೇಡ. ಮನಸ್ಸಿನ ಮಾತ್ರೆ ಜೊತೆ ಅದು ಅಪಾಯ. ಡಾಕ್ಟರಿಗೆ ಹೇಳು." ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ.

ಮೂರನೆಯ ದಿನ ಬೆಳಿಗ್ಗೆ ನಾನೂ ತಿರುಪ್ಪೂರಿಗೆ ಹೋದೆ. ಪಡಸಾಲೆಯ ತುಂಬ ಕರ್ಪೂರದ ಹೊಗೆ. ನಡುವೆ ಅಕ್ಕ, ಅರೆಗಣ್ಣು ಮುಚ್ಚಿ ತೂಗುತ್ತಿದ್ದಾಳೆ. ಗಂಡಿನ ಅಜ್ಜಿ ಅವಳ ಕಾಲಿಗೆ ಬಿದ್ದಿದ್ದಾರೆ.

"ಮೈಮೇಲೆ ಅಮ್ಮನ್ ಬಂದವಳೆ! ತಾಯೀ, ಈ ಸಂಬಂಧ ಆಗ್ಬೋದಾ?"

"ಬುಡಿ... ಮಲಗ್ಬೇಕು..." ಎಂದಳು ಅಕ್ಕ.

"ಕೇಳಿದ್ರಾ? ಬೇಗ ಮದುವೆ ಇಡಿ ಅಂತಾಳೆ!" ಅಜ್ಜಿ ಕೆನ್ನೆ ಕೆನ್ನೆ ಬಡಿದುಕೊಂಡರು. ಭಾವ, ನನ್ನ ಭಾವ, ಕೈ ಮುಗಿದುಕೊಂಡು ನಿಂತಿದ್ದರು!

ಅಕ್ಕನ ಉಸಿರು ಎಣಿಸಿದೆ. ಒಂದು ಬಂದು ಇನ್ನೊಂದು ಬರುವಷ್ಟರಲ್ಲಿ ನನ್ನ ಜೀವ ಹೋಗಿ ಬರುತ್ತಿತ್ತು. ಹಿಂದಿನ ದಿನದಿಂದ ಮೂತ್ರವೂ ಹೋಗಿಲ್ಲ ಎಂದು ಅಕ್ಕನ ಮಗಳು ಅಳುತ್ತ ಹೇಳಿದಳು. ನಾನು ಆರತಿ ತಟ್ಟೆಯನ್ನು ಒದ್ದೆ. ಹೌದು, ಒದ್ದೆ. "ಅಮ್ಮನೂ ಇಲ್ಲ, ಗುಮ್ಮನೂ ಇಲ್ಲ! ಎರಡು ಮಾತ್ರೆ ಸೇರಿ ಇವಳನ್ನ ಕೊಲ್ತಾ ಇವೆ! ಕಾರ್ ತೆಗೀರಿ!" ಎಂದು ಕಿರುಚಿದೆ. ಮೈಮೇಲೆ ದೇವರು ಬಂದರೆ ಮರ್ಯಾದೆ, ಮಾತ್ರೆ ತಿಂದರೆ ಅವಮಾನ. ಎಂಥ ಜನ ನಾವು! ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಆಸ್ಪತ್ರೆಯಲ್ಲಿ ಸೂಜಿ ಚುಚ್ಚಲು ನರ್ಸಮ್ಮ ಅಕ್ಕನ ತೋಳಿನಿಂದ ಒಂದು ತಾಯಿತ ಬಿಚ್ಚಿ ನನ್ನ ಕೈಗಿಟ್ಟಳು. ಒಳಗೆ ಮಡಿಸಿದ ಕಾಗದ. ನನ್ನದೇ ಕೈಬರಹ. ಅವಳಿಗೂ ಕನ್ನಡ ಓದಲು ಬಾರದೆಂಬುದು ನನಗೆ ನೆನಪಾದದ್ದು ಆಗ.

ಮಾರನೆಯ ದಿನ ಅಕ್ಕ ಕಣ್ಣುಬಿಟ್ಟು ಹೇಳಿದಳು: "ನಮ್ಮ ಕುಲದೇವರ ಮಂತ್ರ ಅಂದ್ಕೊಂಡೆ ತಂಬಿ. ದಿನಾ ಅದಕ್ಕೆ ಸಾಂಬ್ರಾಣಿ ತೋರ್ಸಿಯೇ ಎರಡು ಮಾತ್ರೆನೂ ನುಂಗ್ತಿದ್ದೆ."

ಹಿಂಗಿನ ಡಬ್ಬಿ

ಮದುವೆ ನಿಲ್ಲಲಿಲ್ಲ. ನಿಜ ತಿಳಿದ ಮೇಲೆ ಗಂಡಿನ ಅಜ್ಜಿ ಅಕ್ಕನನ್ನು ಪಕ್ಕಕ್ಕೆ ಕರೆದು, "ಆ ಡಾಕ್ಟರ ವಿಳಾಸ ನನಗೂ ಕೊಡು, ನನ್ನ ಕಣ್ಣೇ" ಅಂದರಂತೆ.

ನಾನಂತೂ ಕಂಡಕಂಡವರಿಗೆ ಉಪದೇಶ ಶುರು ಮಾಡಿದೆ. ಬಚ್ಚಿಡಬೇಡಿ, ಹೇಳಿ, ನಾಚಿಕೆ ಯಾಕೆ? ಅಕ್ಕನಿಗಂತೂ ಸಿಕ್ಕಾಗಲೆಲ್ಲ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದು ನಾನೇ. ಅವಳ ಉಸಿರು ಎಣಿಸಿದ ಆ ದಿನದಿಂದ ನನಗೆ ನಿದ್ದೆಯಿಲ್ಲ, ಊಟ ಸೇರದು, ಸುಮ್ಮಸುಮ್ಮನೆ ಅಳು. ಅದೇ ಮನಸ್ಸಿನ ಡಾಕ್ಟರ ಬಳಿ ಹೋದೆ, ಮಫ್ಲರ್ ಸುತ್ತಿಕೊಂಡು. ಮಾತ್ರೆಗಳನ್ನು ಅಡುಗೆಮನೆಯ ಹಳೆಯ ಹಿಂಗಿನ ಡಬ್ಬಿಯಲ್ಲಿಟ್ಟೆ. ಹೆಂಡತಿಗೂ ಹೇಳಲಿಲ್ಲ.

ಮುಂದಿನ ವರ್ಷ ಮೂತ್ರಪಿಂಡದಲ್ಲಿ ಕಲ್ಲು. ಹೆರಿಗೆನೋವೂ ಇಷ್ಟಿರಲಾರದು ಎನ್ನುವ ನೋವು. ಆಸ್ಪತ್ರೆಯ ಮಂಚದಲ್ಲಿ ಹೊರಳಾಡುತ್ತಿದ್ದೆ. ಸುತ್ತ ಹೆಂಡತಿ, ಅಕ್ಕ, ಭಾವ, ನೋಡಲು ಬಂದ ಮೇಷ್ಟ್ರು. ನರ್ಸಮ್ಮ ಪೆಥಿಡಿನ್ ಇಂಜೆಕ್ಷನ್ ತುಂಬಿಕೊಂಡು ನಿಂತಿದ್ದಳು. ಅದೂ ಅಫೀಮಿನ ಬಳಗದ್ದೇ. ಡಾಕ್ಟರು ಕೇಳಿದರು: "ಬೇರೆ ಮಾತ್ರೆ ಏನಾದರೂ ತಗೋತೀರಾ?"

ಮೇಷ್ಟ್ರ ಮೀಸೆ ನೋಡಿದೆ. ಭಾವನ ಮುಖ ನೋಡಿದೆ. "ಬೇರೆ ಏನೂ ಇಲ್ಲ" ಎಂದೆ.

ಅಕ್ಕ ಹಾರಿಬಂದು ನರ್ಸಮ್ಮನ ಕೈ ಹಿಡಿದಳು. "ಸುಳ್ಳು! ನಿನ್ನೆ ಇವನ ಮನೇಲಿ ರಸಕ್ಕೆ ಹಿಂಗು ಹುಡುಕಿದಾಗ ನೋಡಿದೀನಿ, ನನ್ನ ಮಾತ್ರೆನೇ, ಜೊತೆಗೆ ಇವನ ಹೆಸರಿನ ಚೀಟಿ! ಎರಡು ಹೊತ್ತೂ ತಿಂತಾನೆ, ಕಳ್ಳ!" ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಮೇಷ್ಟ್ರು ಮೀಸೆ ತಿರುವಿ, "ನಿನ್ನ ದೂರದ ತಮ್ಮನಿಗಿರಬೇಕು" ಎಂದರು.

ಡಾಕ್ಟರು ಇಂಜೆಕ್ಷನ್ ತಡೆದು ಬೇರೆ ಔಷಧ ಕೊಟ್ಟರು. ನೋವು ಇಳಿದ ಮೇಲೆ ಕಣ್ಣುಬಿಟ್ಟರೆ ನನ್ನ ತೋಳಿನಲ್ಲೊಂದು ತಾಯಿತ. ಅದೇ ಹಳೆಯದು. ಬಿಚ್ಚಿ ನೋಡಿದೆ. ಒಳಗೆ ಅಕ್ಕನ ಕೈಬರಹ, ಯಾವ ಆಸ್ಪತ್ರೆಯವರಾದರೂ ಓದಲಿ ಎಂದು ದೊಡ್ಡ ದೊಡ್ಡ ತಮಿಳಕ್ಷರಗಳಲ್ಲಿ:

"ಇವನು ಮನಸ್ಸಿನ ಮಾತ್ರೆ ತಿನ್ನುತ್ತಾನೆ. ಕೇಳಿದರೆ ಇಲ್ಲ ಅನ್ನುತ್ತಾನೆ. ನಂಬಬೇಡಿ."