ಸೀನಿಗೊಂದು ಜವಾಬು

ನಮ್ಮ ಫುಪ್ಪುವಿನ ಮನೆಯಲ್ಲಿ ಒಂದು ಲೋಟ ನೀರು ಕುಡಿಯುವುದಕ್ಕಿಂತ ಪಾಸ್‌ಪೋರ್ಟ್ ಮಾಡಿಸುವುದು ಸುಲಭ! ಉತ್ಪ್ರೇಕ್ಷೆ ಎನ್ನುತ್ತೀರಾ? ಹಾಗಾದರೆ ಒಮ್ಮೆ ಮಧ್ಯಾಹ್ನದ ಬಿಸಿಲಿನಲ್ಲಿ ನಿಪ್ಪಾಣಿಗೆ ಬಂದು, ಅವಳ ಬಾಗಿಲು ಬಡಿದು, ನೀರು ಕೇಳಿ ನೋಡಿ. ನೀರು ಬರುತ್ತದೆ. ತಣ್ಣನೆಯ, ಮಣ್ಣಿನ ಹರವಿಯ ನೀರೇ ಬರುತ್ತದೆ. ಆದರೆ ಲೋಟ ನಿಮ್ಮ ಕೈಗೆ ಬರುವುದಿಲ್ಲ. "ಮೊದಲ ಕೂಡು. ಬಲಗೈ ಮುಂದ ಮಾಡು. ಬಿಸ್ಮಿಲ್ಲಾ ಅನ್ನು." ಈ ಮೂರೂ ಆಗುವವರೆಗೆ ಲೋಟ ಅವಳ ಕೈಯಲ್ಲೇ ಇರುತ್ತದೆ, ನಿಮ್ಮ ನಾಲಿಗೆ ಒಣಗುತ್ತಿರುತ್ತದೆ.

ಫುಪ್ಪು ಎಂದರೆ ನನ್ನ ಅಪ್ಪನ ತಂಗಿ; ನನ್ನ ಮಗಳಿಗೆ ದಾದಿ, ಅಂದರೆ ಅಜ್ಜಿ. ಓಣಿಯ ಮಕ್ಕಳಿಗೆಲ್ಲ ದುವಾ ಕಲಿಸುವುದು ಅವಳ ಕಸುಬಲ್ಲ, ಹುಚ್ಚು. ಉಣ್ಣುವ ಮುಂಚೆ ಒಂದು ದುವಾ, ಉಂಡ ಮೇಲೆ ಒಂದು, ಮಲಗುವಾಗ, ಏಳುವಾಗ, ಹೊಸ ಅಂಗಿ ತೊಡುವಾಗ, ಕನ್ನಡಿ ನೋಡುವಾಗ, ಮನೆಯಿಂದ ಹೊರಬೀಳುವಾಗ, ಹೀಗೆ ದಿನದ ಪ್ರತಿ ಕೆಲಸಕ್ಕೂ ಒಂದೊಂದು ಸಣ್ಣ ಪ್ರಾರ್ಥನೆ. ಬೇರೆಯವರು ಇವನ್ನು ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿ ಬಾಯಿಪಾಠ ಮಾಡಿಸುತ್ತಾರೆ. ಫುಪ್ಪುಗೆ ಅದು ಸುತಾರಾಂ ಒಪ್ಪಿಗೆಯಿಲ್ಲ. "ಹಸಿವಿ ಇಲ್ಲದ ಕೂಸಿಗೆ ಊಟದ ದುವಾ ಕಲಿಸಿದ್ರ ಅದು ಮೈಗೆ ಹತ್ತತೈತೇನು? ಯಾವ ದುವಾ ಯಾವಾಗ ಬೇಕೋ ಅವಾಗ, ಅಲ್ಲೇ ನಿಂತು ಕಲೀಬೇಕು" ಎನ್ನುವುದು ಅವಳ ಸಿದ್ಧಾಂತ. ಈ ಸಿದ್ಧಾಂತಕ್ಕೆ ಮೊದಲು ಬಲಿಯಾದವರು ಅವಳ ಗಂಡ, ನಮ್ಮ ಫುಪ್ಪಾ. ಅವರು ಎಷ್ಟೋ ವರ್ಷಗಳಿಂದ ಚಹಾ ಕುಡಿಯಲು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ಲಿಗೆ ಹೋಗುತ್ತಾರೆ. ಅಲ್ಲಿ ಯಾರೂ ಏನೂ ಕೇಳುವುದಿಲ್ಲವಂತೆ!

ಅವಳ ಭಾಷೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಪ್ರೀತಿ ಉರ್ದುವಿನಲ್ಲಿ, ಸಂತೆಯ ಚೌಕಾಸಿ ಮರಾಠಿಯಲ್ಲಿ, ಬೈಗುಳ ಅಚ್ಚ ಕನ್ನಡದಲ್ಲಿ. ನನ್ನ ಜೊತೆ ಅವಳು ಹೆಚ್ಚಾಗಿ ಕನ್ನಡದಲ್ಲೇ ಮಾತಾಡುತ್ತಾಳೆ. ಕಾರಣ ನೀವೇ ಊಹಿಸಿಕೊಳ್ಳಿ.

ಇಂಥವಳ ಮನೆಗೆ ಕಳೆದ ಬೇಸಿಗೆ ರಜೆಯಲ್ಲಿ ನಾನಾಗಿಯೇ ಯಾಕೆ ಹೋದೆ? ನನ್ನ ಮಗಳು ಮುನ್ನಿಯ ಸಲುವಾಗಿ. ನಾನು ಅಥಣಿಯಲ್ಲಿ ಹೈಸ್ಕೂಲು ಮಾಸ್ತರ. ದಿನವಿಡೀ ಮಾತಾಡಿ ಸಂಬಳ ಎಣಿಸುವವನು. ನನ್ನ ಮಗಳು ಮಾತ್ರ ಮನೆಯಲ್ಲಿ ಅವಳಮ್ಮನ ಕಿವಿಯಲ್ಲಿ ಪಿಸುಗುಟ್ಟುವುದು ಬಿಟ್ಟರೆ ಲೋಕದ ಯಾರ ಮುಂದೆಯೂ ತುಟಿ ಬಿಚ್ಚುತ್ತಿರಲಿಲ್ಲ. ಡಾಕ್ಟರು ಕಿವಿ ನೋಡಿದರು, ಗಂಟಲು ನೋಡಿದರು, ಎಲ್ಲ ಸರಿಯಿದೆ, ಗಾಬರಿ ಬೇಡ, ಅವಸರ ಮಾಡಬೇಡಿ ಎಂದರು. ಒಂದನೇ ತರಗತಿಗೆ ಸೇರಿಸಲು ಹೋದಾಗ ಬಾಯವರು, ಅಂದರೆ ಟೀಚರು, ಹೆಸರು ಕೇಳಿದರು. ಮುನ್ನಿ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದಳು. "ಜೂನ್‌ದಾಗ ಇನ್ನೊಮ್ಮೆ ಕರಕೊಂಡ ಬರ್ರಿ ಸರ್, ಹೆಸರರೆ ಹೇಳ್ಲಿ" ಎಂದು ಬಾಯವರು ಮೆತ್ತಗೆ ಹೇಳಿ ಕಳಿಸಿದರು. ಆ ದಿನ ದಾರಿಯುದ್ದಕ್ಕೂ ಮುನ್ನಿ ನನ್ನ ಬೆರಳು ಬಿಡಲಿಲ್ಲ.

ಸುದ್ದಿ ಫುಪ್ಪುಗೆ ಮುಟ್ಟಿತು. ಮರುದಿನವೇ ಫೋನು.

"ಲೇ ಮಾಸ್ತರ, ಕೂಸಿನ್ನ ನನ್ನ ಕಡೆ ತಂದು ಬಿಡು. ಜೂನ್‌ದೊಳಗ ಮಾತಾಡಸ್ತೀನಿ."

"ಫುಪ್ಪು, ಡಾಕ್ಟರು ಅವಸರ ಬ್ಯಾಡ ಅಂದಾರ್ರಿ."

"ಡಾಕ್ಟರಿಗೆ ಎಷ್ಟು ದುವಾ ಬರ್ತಾವ?"

ನಾನೂ ಮುನ್ನಿಯೂ ಗಂಟು ಕಟ್ಟಿಕೊಂಡು ಹೊರಟೆವು.

ಹೋದ ದಿನವೇ ಮೊದಲ ಕಷ್ಟ ಎದುರಾಯಿತು. ಮುನ್ನಿಗೆ ಬಾಯಾರಿಕೆ. ಲೋಟ ಫುಪ್ಪು ಕೈಯಲ್ಲಿ. ಸುತ್ತ ಓಣಿಯ ಮಕ್ಕಳು. "ಬಿಸ್ಮಿಲ್ಲಾ ಅನ್ನು ಬೇಟಾ." ಮುನ್ನಿ ಲೋಟ ನೋಡಿದಳು, ಫುಪ್ಪುವನ್ನು ನೋಡಿದಳು, ಫ್ಯಾನು ನೋಡಿದಳು. ಇಡೀ ಜನ್ಮದಲ್ಲಿ ಯಾರಿಗೂ ರಿಯಾಯಿತಿ ಕೊಡದ ಫುಪ್ಪು ಥಟ್ಟನೆ ಲೋಟ ಅವಳ ಕೈಗಿಟ್ಟು, "ಅಂದಳು, ಅಂದಳು! ಮನಸಿನ್ಯಾಗ ಅಂದಾಳ. ನನಗ ಕೇಳಿಸ್ತು" ಎಂದುಬಿಟ್ಟಳು. ಮಕ್ಕಳು ಸುಮ್ಮನಿರುತ್ತಾರೆಯೇ? ತಾವೂ ಮನಸ್ಸಿನಲ್ಲೇ ಅಂದಿದ್ದೇವೆಂದು ಎಲ್ಲರೂ ಕೈಚಾಚಿದರು. "ನಿಮ್ಮ ಮನಸಿನ್ಯಾಗಿಂದು ನನಗ ಕೇಳಸಾಂಗಿಲ್ಲ. ಅಲ್ಲಿ ಬರೇ ಕ್ರಿಕೆಟ್ ನಡದೈತಿ!" ಎಂದು ಅವರನ್ನು ಗದರಿದಳು.

ಪಾಯಖಾನೆಯ ಪಾಠ ಪಾಯಖಾನೆಯ ಬಾಗಿಲಲ್ಲೇ ನಡೆಯುತ್ತಿತ್ತು. ಒಳಗೆ ಹೋಗುವ ಮುಂಚೆ ದುವಾ, ಆಮೇಲೆ ಎಡಗಾಲು ಮೊದಲು; ಹೊರಗೆ ಬರುವಾಗ ಬಲಗಾಲು. ಒಬ್ಬ ಹುಡುಗ ಅವಸರದಲ್ಲಿ ಓಡಿ ಬಂದು ಬಲಗಾಲು ಇಟ್ಟುಬಿಟ್ಟ. ಫುಪ್ಪು ರಟ್ಟೆ ಹಿಡಿದು ಹೊರಗೆಳೆದಳು. ಎರಡನೇ ಸಲ ಕಾಲು ಸರಿಯಿತ್ತು, ದುವಾ ತಪ್ಪಿತು. ಮೂರನೇ ಸಲಕ್ಕೆ ಅವನು ನಿಲ್ಲಲಿಲ್ಲ, ಎರಡೂ ಕೈಯಲ್ಲಿ ಚಡ್ಡಿ ಹಿಡಿದುಕೊಂಡು ತನ್ನ ಮನೆಗೇ ಓಡಿದ. ಸ್ವಲ್ಪ ಹೊತ್ತಿಗೆ ಮುಖ ಅರಳಿಸಿಕೊಂಡು ವಾಪಸು ಬಂದವನಿಗೆ ಫುಪ್ಪು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಯಾವ ಕಾಲು ಇಟ್ಟಿ?"

ಬಸ್ಸಿನ ಕಥೆ ಇನ್ನೂ ಚೆನ್ನಾಗಿದೆ. ಪ್ರಯಾಣದ ದುವಾ ಕಲಿಸಲು ಪ್ರಯಾಣವೇ ಬೇಕಲ್ಲ! ಮಕ್ಕಳ ಹಿಂಡು ಕಟ್ಟಿಕೊಂಡು ನಾವು ಚಿಕ್ಕೋಡಿ ಬಸ್ಸು ಹತ್ತಿದೆವು. ಚಿಕ್ಕೋಡಿಯಲ್ಲಿ ನಮಗೆ ಯಾವ ಕೆಲಸವೂ ಇರಲಿಲ್ಲ. ಕಂಡಕ್ಟರು ಸೀಟಿ ಬಾಯಿಗಿಟ್ಟದ್ದೇ ತಡ, ಫುಪ್ಪು ಎದ್ದು ನಿಂತಳು.

"ತಡಿಯಪ್ಪಾ! ಹುಡುಗೂರದು ದುವಾ ಆಗಿಲ್ಲ."

"ಆಜಿ, ನೀವು ಅನ್ಕೋತ ಇರ್ರಿ, ಬಸ್ಸು ಹೊಂಟಿರ್ತೈತಿ."

"ಹಂಗಲ್ಲೋ. ಈ ಗಾಡಿ ನಮ್ಮ ವಶದಾಗ ಇರೂದಲ್ಲ, ಅದನ್ನ ನಮ್ಮ ವಶಕ್ಕ ಕೊಟ್ಟಾವ ಮ್ಯಾಲಿನಾವ ಅಂತ ಈ ದುವಾದ ಅರ್ಥ. ಡ್ರೈವರನ್ನ ಕೇಳು, ಬಸ್ಸು ಅವನ ವಶದಾಗ ಐತೇನು?"

ಡ್ರೈವರು ಆಗಲೇ ಕೀಲಿ ತಿರುವಿ ತಿರುವಿ ಬೆವರುತ್ತಿದ್ದ. ತಿರುಗಿ ನೋಡಿ, "ಇಲ್ರಿ ಆಜಿ, ಬ್ಯಾಟರಿ ಡೌನ್ ಆಗೈತಿ" ಎಂದ. ಇಡೀ ಬಸ್ಸು ನಕ್ಕಿತು. ಗಂಡಸರೆಲ್ಲ ಇಳಿದು ನೂಕಿದೆವು, ಒಳಗೆ ಮಕ್ಕಳು ದನಿಯೆತ್ತಿ ದುವಾ ಹೇಳಿದರು, ಬಸ್ಸು ಗುರ್ರೆಂದು ಹೊರಟಿತು. ಹೊರಟದ್ದು ನಮ್ಮ ನೂಕಿನಿಂದ ಎಂದು ನಾನು ಇಂದಿಗೂ ವಾದಿಸುತ್ತೇನೆ. ಆದರೆ ಆ ಕಂಡಕ್ಟರು ಈಗ ಫುಪ್ಪು ಬಸ್ಸು ಹತ್ತಿದರೆ ಸೀಟಿ ಊದುವ ಮೊದಲು "ಆಜಿ, ಝಾಲಂ ಕಾ? ಆತೇನ್ರಿ?" ಎಂದು ಎರಡೂ ಭಾಷೆಯಲ್ಲಿ ಕೇಳುತ್ತಾನಂತೆ.

ಅವತ್ತು ಮುನ್ನಿ ಕಿಟಕಿಯ ಪಕ್ಕ ಕೂತಿದ್ದಳು. ತುಟಿ ಅಲುಗಿದಂತೆ ನನಗೆ ಕಂಡಿತು. ಬಗ್ಗಿ ಕಿವಿಯಿಟ್ಟೆ. ಶೇಂಗಾ ಚಿಕ್ಕಿ ಅಗಿಯುತ್ತಿದ್ದಳು.

ಆಮೇಲೆ ಬಂತು ಸೀನಿನ ಪಾಠ. ಎಲ್ಲಕ್ಕಿಂತ ಕಠಿಣವಾದದ್ದು ಇದೇ, ಯಾಕೆಂದರೆ ಇದು ಇಬ್ಬರು ಕೂಡಿ ಮಾಡುವ ದುವಾ. ಸೀನಿದವರು "ಅಲ್ಹಮ್ದುಲಿಲ್ಲಾಹ್", ಅಲ್ಲಾಹನಿಗೆ ಸ್ತುತಿ, ಎನ್ನಬೇಕು. ಕೇಳಿಸಿಕೊಂಡವರು "ಯರ್ಹಮುಕಲ್ಲಾಹ್", ಅಲ್ಲಾಹ್ ನಿನಗೆ ಕರುಣೆ ತೋರಲಿ, ಎನ್ನಬೇಕು. ಅಲ್ಲಿಗೆ ಮುಗಿಯಲಿಲ್ಲ. ಸೀನಿದವರು ಮತ್ತೆ "ಯಹ್ದೀಕುಮುಲ್ಲಾಹು ವ ಯುಸ್ಲಿಹು ಬಾಲಕುಮ್" ಎಂದು ಜವಾಬು ಕೊಡಬೇಕು. ಅಂದರೆ, ನಿಮಗೆ ದಾರಿ ತೋರಲಿ, ನಿಮ್ಮ ಬಾಳು ಹಸನಾಗಲಿ. "ಒಬ್ಬರು ಅಂದ್ರ ಇನ್ನೊಬ್ಬರು ಅನ್ನಬೇಕು. ಜವಾಬು ಇಲ್ಲದ ಸೀನು ಅಂದ್ರ ಪರದೇಶಿ ಸೀನು" ಎನ್ನುತ್ತಿದ್ದಳು ಫುಪ್ಪು.

ಆದರೆ ಸೀನು ಬೇಕೆಂದಾಗ ಬರುತ್ತದೆಯೇ? ಫುಪ್ಪು ಒಂದು ಉಪಾಯ ಹೂಡಿದಳು. ಮಕ್ಕಳನ್ನೆಲ್ಲ ಸಾಲಾಗಿ ತಂಬಾಕಿನ ವಖಾರದ, ಅಂದರೆ ಗೋದಾಮಿನ, ಹಿಂದಿನ ಸಂದಿಗೆ ಕರೆದೊಯ್ದು ನಿಲ್ಲಿಸಿದಳು. ಒಳಗೆ ತಂಬಾಕು ಜರಡಿ ಹಿಡಿಯುತ್ತಿದ್ದರು, ಘಾಟು ಗೋಡೆ ದಾಟಿ ಬರುತ್ತಿತ್ತು. ಮಕ್ಕಳು ಮೂಗು ಮೇಲೆತ್ತಿ ನಿಂತರು. ನಿಂತೇ ಇದ್ದರು. ಒಂದು ಸೀನೂ ಇಲ್ಲ! ಫುಪ್ಪು ಮರೆತದ್ದೇನೆಂದರೆ ಅವರೆಲ್ಲ ನಿಪ್ಪಾಣಿಯಲ್ಲಿ ಹುಟ್ಟಿದವರು. ಆ ಘಾಟಿನಲ್ಲೇ ತೊಟ್ಟಿಲಾಡಿದವರು, ಅದರಲ್ಲೇ ಉಂಡು ಮಲಗಿದವರು. ಅವರ ಮೂಗಿಗೆ ಅದು ಬರೀ ಗಾಳಿ. ಪರ ಊರಿನ ಮೂಗು ಅಲ್ಲಿ ಇದ್ದದ್ದು ಎರಡೇ, ನನ್ನದು ಮತ್ತು ನನ್ನ ಮಗಳದು.

ನಾನು ಸೀನಿ "ಅಲ್ಹಮ್ದುಲಿಲ್ಲಾಹ್" ಎಂದೆ. ಮಕ್ಕಳು ಹಬ್ಬ ಬಂದಂತೆ "ಯರ್ಹಮುಕಲ್ಲಾಹ್!" ಎಂದು ಕೂಗಿದರು. ನಾನು ಜವಾಬು ಕೊಡಲು "ಯಹ್ದೀ" ಎನ್ನುವಷ್ಟರಲ್ಲಿ ಇನ್ನೊಂದು ಸೀನು. ಮತ್ತೆ ಕೂಗು. ಮತ್ತೆ "ಯಹ್ದೀ". ಮತ್ತೆ ಸೀನು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು, ವಖಾರದ ಹೆಂಗಸರು ಕೆಲಸ ಬಿಟ್ಟು ಗೋಡೆಯ ಮೇಲಿಂದ ಇಣುಕತೊಡಗಿದರು. "ಜವಾಬು ಪೂರಾ ಮಾಡೋ, ಅರ್ಧಕ್ಕ ಬಿಡಬ್ಯಾಡ!" ಎಂದು ಫುಪ್ಪು ಬೈಯುತ್ತಲೇ ಇದ್ದಳು. ಅಷ್ಟರಲ್ಲಿ ಮುನ್ನಿ ಮೂಗು ಸುಕ್ಕುಗಟ್ಟಿಸಿದಳು. ಪುಟ್ಟದೊಂದು ಸೀನು ಬಂತು. ಅವಳು ಬಾಯಿ ತೆರೆದಳು. ಫುಪ್ಪು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ಮುನ್ನಿ ಇನ್ನೊಮ್ಮೆ ಸೀನಿ, ಬಾಯಿ ಮುಚ್ಚಿ, ನನ್ನ ಅಂಗಿಗೆ ಮೂಗು ಒರೆಸಿದಳು.

ಇನ್ನು ಕತ್ತೆಯ ಪ್ರಸಂಗ. ಹೇಳಬಾರದೆಂದುಕೊಂಡಿದ್ದೆ, ಆದರೆ ಅದು ಹೇಗೂ ಎಲ್ಲರ ಮೊಬೈಲಿನಲ್ಲಿದೆ. ಕೋಳಿ ಕೂಗಿದರೆ ಅಲ್ಲಾಹನ ಕೃಪೆ ಬೇಡಬೇಕು, ಕತ್ತೆ ಒದರಿದರೆ ಶೈತಾನನಿಂದ ಕಾಪಾಡೆಂದು ಬೇಡಬೇಕು. ಕೋಳಿಗೆ ಓಣಿಯಲ್ಲಿ ಬರವಿಲ್ಲ. ಕತ್ತೆಗೆ ಏನು ಮಾಡುವುದು? ಫುಪ್ಪಾ ಹೆಂಡತಿಯ ಕಾಟ ತಾಳದೆ ಇಟ್ಟಂಗಿ ಭಟ್ಟಿಯ ಕಡೆಯಿಂದ ಒಂದು ಕತ್ತೆಯನ್ನೂ ಅದರ ಮಾಲೀಕನನ್ನೂ ಕರೆತಂದರು. ಕತ್ತೆ ಬಂದು ನಿಂತಿತು. ಫುಪ್ಪು ಕೊಟ್ಟ ಮೆಂತ್ಯದ ಸೊಪ್ಪು ತಿಂದಿತು. ಒದರಲಿಲ್ಲ. ಮಕ್ಕಳು ಕುಣಿದರು, ಚಪ್ಪಾಳೆ ತಟ್ಟಿದರು, ಕತ್ತೆ ಕಣ್ಣು ಮುಚ್ಚಿ ತೂಕಡಿಸಿತು.

"ನಮ್ಮ ಕತ್ತಿ ಭಾಳ ಮರ್ಯಾದಸ್ತ ಐತ್ರಿ. ಮಂದಿ ಮನ್ಯಾಗ ಬಾಯಿ ಮಾಡಾಂಗಿಲ್ಲ" ಎಂದ ಮಾಲೀಕ ಅಭಿಮಾನದಿಂದ.

ಫುಪ್ಪು ನಿಧಾನವಾಗಿ ನನ್ನ ಕಡೆ ತಿರುಗಿದಳು. "ಮಾಸ್ತರ, ನಿನ್ನ ದನಿ ಚಲೋ ಐತಿ."

"ಫುಪ್ಪು, ಬ್ಯಾಡ್ರಿ."

"ಕೂಸಿನ ಸಲುವಾಗಿ ಒಂದ್ ಸಲ ಒದರಾಕ ಆಗೂದಿಲ್ಲೇನು?"

ಮುನ್ನಿ ಹೊಸ್ತಿಲ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಒದರಿದೆ! ಮಾಸ್ತರಿಕೆಯ ಇಷ್ಟು ವರ್ಷಗಳ ದನಿಯನ್ನೆಲ್ಲ ಒಟ್ಟುಗೂಡಿಸಿ ಒದರಿದೆ. ಕತ್ತೆ ಬೆಚ್ಚಿ ಹಿಂದೆ ಸರಿಯಿತು. ಮಕ್ಕಳು ಒಕ್ಕೊರಲಿನಿಂದ "ಅಊಜು ಬಿಲ್ಲಾಹಿ ಮಿನಶ್ಶೈತಾನಿರ್ರಜೀಮ್" ಎಂದರು. ಪಾಠ ಎಷ್ಟು ಚೆನ್ನಾಗಿ ತಲೆಗೆ ಹೋಯಿತೆಂದರೆ ಅಂದಿನಿಂದ ನಾನು ಓಣಿಯಲ್ಲಿ ಕಂಡರೆ ಸಾಕು, ಮಕ್ಕಳು ಅದನ್ನೇ ಹೇಳುತ್ತಿದ್ದರು. ಮುನ್ನಿ ಮಾತ್ರ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಮೈ ಕುಲುಕಿಸಿ ನಕ್ಕಳು, ಸದ್ದಿಲ್ಲದೆ.

ಹೀಗೆ ರಜೆ ಮುಗಿಯುತ್ತ ಬಂತು. ಹೊರಡುವ ದಿನ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋಗಿದ್ದರು, ಫುಪ್ಪಾ ಹೋಟೆಲ್ಲಿಗೆ. ಫುಪ್ಪು ತಾನು ಹೊಲಿದ ಕೌದಿಯೊಂದನ್ನು ಮುನ್ನಿಗೆಂದು ಪೆಟ್ಟಿಗೆಯಿಂದ ತೆಗೆಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ನನ್ನ ಕೈಲೆ ಆಗಲಿಲ್ಲಪ್ಪಾ. ಸುಳ್ಳ ದೊಡ್ಡ ಮಾತಾಡಿ ಕೂಸಿನ್ನ ಕರಸ್ಕೊಂಡೆ." ಅವಳು ಸೋತ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಏನಾದರೂ ಸಮಾಧಾನ ಹೇಳೋಣವೆಂದರೆ ಬಾಯಿ ತುಂಬ ಖಾರಿ ಬಿಸ್ಕೀಟು. ಬಾಯಲ್ಲಿ ತುತ್ತಿಟ್ಟುಕೊಂಡು ಮಾತಾಡುವುದು ಆ ಮನೆಯಲ್ಲಿ ನಿಷಿದ್ಧ.

ಫುಪ್ಪು ಕೌದಿಯನ್ನು ಜೋರಾಗಿ ಝಾಡಿಸಿದಳು. ಪೆಟ್ಟಿಗೆಯ ಹಳೆಯ ಧೂಳೆಲ್ಲ ಎದ್ದಿತು. ತಂಬಾಕಿಗೂ ಜಗ್ಗದ ಆ ಮೂಗು ಆ ಧೂಳಿಗೆ ಸೋತು ಸೀನಿತು.

"ಅಲ್ಹಮ್ದುಲಿಲ್ಲಾಹ್" ಎಂದಳು ಅಭ್ಯಾಸಬಲದಿಂದ.

ಓಣಿಯ ಮಕ್ಕಳಿಲ್ಲ. ನನ್ನ ಬಾಯಲ್ಲಿ ಖಾರಿ. ಜವಾಬು ಕೊಡುವವರು ಯಾರೂ ಇರಲಿಲ್ಲ. ನಾನು ಗಡಬಡಿಸಿ ನುಂಗುತ್ತಿದ್ದೆ.

"ಯರ್ಹಮುಕಲ್ಲಾಹ್."

ಹೊಸ್ತಿಲ ಕಡೆಯಿಂದ ಬಂದ ದನಿ. ತೆಳ್ಳಗೆ, ಸ್ಪಷ್ಟವಾಗಿ. ನಾನು ಖಾರಿಯನ್ನು ಅಗಿಯದೆ ನುಂಗಿದೆ. ಫುಪ್ಪು ಕೌದಿ ಹಿಡಿದವಳು ಹಿಡಿದಂತೆಯೇ ನಿಂತುಬಿಟ್ಟಳು.

ಮುನ್ನಿ ಸ್ವಲ್ಪ ಹೊತ್ತು ಕಾದಳು. ಜವಾಬು ಬರಲಿಲ್ಲ. ಎದ್ದು ಬಂದಳು. ಕಟ್ಟೆಯ ಮೇಲಿದ್ದ ಫುಪ್ಪುವಿನ ಚಹಾದ ಲೋಟವನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಅವಚಿಕೊಂಡು ಹೇಳಿದಳು: "ದಾದಿ, ಜವಾಬು ಕೊಡು. ಇಲ್ಲಂದ್ರ ಚಹಾ ಇಲ್ಲ."

ಕತ್ತೆಯ ಒದರಿಗೂ ದುವಾ ಗೊತ್ತಿದ್ದ ನಮ್ಮ ಫುಪ್ಪು ಬಾಯಿ ತೆರೆದಳು. ಸೆರಗು ಬಾಯಿಗಿಟ್ಟುಕೊಂಡಳು, ಕಣ್ಣೀರು ಗದ್ದದವರೆಗೆ ಇಳಿಯಿತು. "ಮರತೆ ಬೇಟಾ. ಖರೇ ಮರತೆ" ಎಂದಳು.

"ಯಹ್ದೀಕುಮುಲ್ಲಾಹು" ಎಂದಳು ಮುನ್ನಿ.

"ಯಹ್ದೀಕುಮುಲ್ಲಾಹು" ಎಂದಳು ಫುಪ್ಪು.

"ವ ಯುಸ್ಲಿಹು ಬಾಲಕುಮ್."

"ವ ಯುಸ್ಲಿಹು ಬಾಲಕುಮ್" ಎಂದು ಫುಪ್ಪು ಬಿಕ್ಕುತ್ತ ಮುಗಿಸಿದಳು. ಮುನ್ನಿ ಲೋಟವನ್ನು ಅವಳ ಕೈಗೆ ಕೊಟ್ಟಳು. ಚಹಾ ಆರಿ ತಣ್ಣಗಾಗಿತ್ತು. ಫುಪ್ಪು ಅದನ್ನು ತುಟಿಯ ಹತ್ತಿರ ಒಯ್ಯುವಷ್ಟರಲ್ಲಿ ಪುಟ್ಟ ಕೈಯೊಂದು ಬಂದು ತಡೆಯಿತು.

"ಕೂಡು ಮೊದಲ. ಬಿಸ್ಮಿಲ್ಲಾ ಅಂದಿಯೇನು?"